ಮರಳಿನಲ್ಲೇ ಬೆಂದ ಏಡಿಗಳು

ಗ್ರೀವ್ಸ್ ಸೈಡಿಂಗ್
1 ಅಕ್ಟೋಬರ್ 1978

ತಂಗಿ ಲೊರೇನ್‌ಗೆ,

ಆಯಿತು, ಆ ಆರು ಏಡಿಗಳನ್ನು ಬೇಯಿಸಿದವನೂ ನಾನೇ, ಮರಳಲ್ಲಿ ಹೂತವನೂ ನಾನೇ. ಒಪ್ಪಿಕೊಂಡೆ. ಆದರೆ ಅವಕ್ಕೆ ವಿನಿಗರ್ ಹಾಕಿಕೊಂಡು ಬೆರಳು ಚೀಪಿದವರಲ್ಲಿ ನೀನೂ ಇದ್ದೆ, ಮರೆಯಬೇಡ.

ನಿನ್ನ ಕಾಗದ ಗುರುವಾರ ಬಂತು. ನಮ್ಮ ಮನೆಯಲ್ಲಿ ಕಾಗದ ಓದಿ ಹೇಳುವವಳು ನಿನ್ನ ಅತ್ತಿಗೆ ನೋಲೀನ್. ನಾನು ಐದನೇ ಕ್ಲಾಸಿಗೆ ಶಾಲೆಗೂ ಮೇಷ್ಟರಿಗೂ ಒಟ್ಟಿಗೆ ಬಿಡುಗಡೆ ಕೊಟ್ಟವನು. ಈ ಸಲ ಅವಳು ಪೂರ್ತಿ ಓದಿ, ಮೇಜಿನ ಮೇಲೆ ಬೋರಲು ಹಾಕಿ, "ಇದನ್ನ ನೀವೇ ಓದ್ಕೊಳ್ಳಿ" ಎಂದು ಕೋಳಿಗೆ ಕಾಳು ಹಾಕಲು ಹೋದಳು. ಆಗಲೇ ಗೊತ್ತಾಯಿತು, ನನ್ನ ಗ್ರಹಚಾರ ಕೆಟ್ಟಿದೆ ಎಂದು.

ನಿನ್ನ ಮಗಳು ಕೆರಿನ್ ಈ ಸಲ ಸಮುದ್ರಕ್ಕೆ ಬರುವುದಿಲ್ಲ ಅನ್ನುತ್ತಿದ್ದಾಳೆ ಎಂದು ಬರೆದಿದ್ದೀಯ. ಕಾರಣ ಕೇಳಿದರೆ "ಕ್ಲೆಮ್ ಮಾವ ಇರ್ತಾರಲ್ಲ" ಎಂದಳಂತೆ. ನಿನಗೆ ಡಾಕ್ಟರು ಜನವರಿ ಪೂರ್ತಿ ಮಲಗಿರಲು ಹೇಳಿದ್ದಾರೆ. ಮಗು ಹುಟ್ಟುವುದು ಆ ತಿಂಗಳ ಕೊನೆಗೆ. ಕೆರಿನ್, ಟಿಮ್ ಇಬ್ಬರೂ ಹಾರ್ಕರ್ ಕೊಲ್ಲಿಯಲ್ಲಿ ನಮ್ಮ ಜೊತೆ ಇರಲಿ ಎಂದು ನಾವು ಜುಲೈನಲ್ಲೇ ಮಾತಾಡಿಕೊಂಡಿದ್ದೆವು. ಅಪ್ಪ ಕಟ್ಟಿದ ಆ ತಗಡಿನ ಶೆಡ್ಡಿನಲ್ಲಿ ಮಕ್ಕಳಿಲ್ಲದ ಜನವರಿ ಒಂದೂ ಇರಲಿಲ್ಲ. ನೋಲೀನ್ ಆಗಲೇ ಎರಡು ಮಂಚದ ಮೆತ್ತೆಗೆ ಹೊಸ ಹೊದಿಕೆ ಹೊಲಿದಿದ್ದಾಳೆ.

ಕಳೆದ ಜನವರಿಯ ಬೇಸಿಗೆಯಲ್ಲಿ ಆದದ್ದು ನಿನಗೂ ಗೊತ್ತು, ಆದರೆ ನನ್ನ ಕಡೆಯಿಂದಲೂ ಒಮ್ಮೆ ಕೇಳು. ಅವತ್ತು ನಲವತ್ತನಾಲ್ಕು ಡಿಗ್ರಿ ಬಿಸಿಲು. ತಗಡು ಟಕಟಕ ಅನ್ನುತ್ತಿತ್ತು. ನೀರು ಇಳಿದು ಅರ್ಧ ಮೈಲಿ ಆಚೆ ಹೋಗಿತ್ತು. ನಾನು ಬೆಳಿಗ್ಗೆ ಬೇಯಿಸಿದ ಏಡಿಗಳಲ್ಲಿ ಆರನ್ನು ಪೇಪರಿನಲ್ಲಿ ಸುತ್ತಿ ಒಯ್ದು, ಪಾದ ಮುಳುಗುವ ನೀರಿನಲ್ಲಿ ಮರಳೊಳಗೆ ಹೂತು ಬಂದೆ. ಆಮೇಲೆ ಕೆರಿನ್‌ಳನ್ನು ಕರೆದುಕೊಂಡು ಹೋದೆ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ತೇಲುವ ಪ್ಲಾಸ್ಟಿಕ್ ಟಬ್ಬು, ಕೈಯಲ್ಲಿ ತನಗಿಂತ ಉದ್ದದ, ಕಬ್ಬಿಣದ ಹಲ್ಲಿನ ಹಲುಬೆ. ಏಳು ವರ್ಷದವಳಾದರೂ ಮರಳು ಕೆದಕುವುದರಲ್ಲಿ ಅವಳು ಅಪ್ಪನ ಮೊಮ್ಮಗಳೇ. ಎರಡನೇ ಎಳೆತಕ್ಕೆ ಮೊದಲನೆಯದು ಬಂತು. ನೀಲಿಯಲ್ಲ, ಬೆಂದ ಏಡಿಯ ಹಾಗೆ ಕೆಂಪಗೆ.

ಅವಳು ಅದನ್ನು ತಿರುಗಿಸಿ ನೋಡಿದಳು, ಮೂಸಿದಳು. "ಮಾವ, ಇದು ಬೆಂದಿದೆ" ಎಂದಳು.

"ಬೇಯದೆ ಇನ್ನೇನಾಗುತ್ತೆ, ಈ ಬಿಸಿಲಿಗೆ?" ಎಂದೆ.

ಅವಳು ಬಗ್ಗಿ ನೀರಿಗೆ ಕೈ ಹಾಕಿದಳು. ನೀರು ನಿಜವಾಗಿಯೂ ಬಿಸಿಯಿತ್ತು. "ಓ, ನೀರು ಬಿಸಿಯಿದೆ, ಅದಕ್ಕೇ" ಎಂದಳು. ನನ್ನ ಸುಳ್ಳಿನ ಬಾಕಿ ಅರ್ಧವನ್ನು ಅವಳೇ ಪೂರ್ತಿ ಮಾಡಿಕೊಂಡಳು, ಲೊರೇನ್. ನಾನು ಊಟದ ಹೊತ್ತಿಗೆ ಹೇಳೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಶೆಡ್ಡಿನ ಮುದುಕ ಆಲ್ಬಿ ಬಂದು, ಮೂವತ್ತೊಂಬತ್ತನೇ ಇಸವಿಯ ಬಿಸಿಲಿಗೆ ಮೀನುಗಳು ನೀರಿನಲ್ಲೇ ಹುರಿದುಹೋಗಿದ್ದವು ಎಂದು ಸಾಕ್ಷಿ ಹೇಳಿದ. ಸಾಲಿನ ಶೆಡ್ಡುಗಳವರೆಲ್ಲ ತಲೆಯಾಡಿಸಿದರು. ಅವಳ ಮುಖ ನೋಡಿದರೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದೆ. ಮಾರನೇ ದಿನ ನೀವು ಹೊರಟಿರಿ.

ಒಂದು ತಮಾಷೆ, ಅಷ್ಟೇ. ಅಪ್ಪ ನನಗೆ ಇದರ ಹತ್ತರಷ್ಟು ಮಾಡಿದ್ದಾನೆ. ಎಂಟು ವರ್ಷದ ಹುಡುಗಿ ಎಂಟು ತಿಂಗಳು ಸಿಟ್ಟು ಇಟ್ಟುಕೊಂಡರೆ ಹಲ್ಲು ಹಾಳಾಗುತ್ತದೆ ಎಂದು ಅವಳಿಗೆ ಹೇಳು. ನಿನ್ನ ಗಂಡ ಮೇಷ್ಟ್ರು ಡಗ್ಲಸ್‌ಗೆ ನನ್ನ ನಮಸ್ಕಾರ.

ನಿನ್ನ ಅಣ್ಣ,
ಕ್ಲೆಮ್


ಅಡಿಲೇಡ್
12 ಅಕ್ಟೋಬರ್ 1978

ಕ್ಲೆಮ್ ಅಣ್ಣನಿಗೆ,

ಬೆರಳು ಚೀಪಿದ್ದು ನಿಜ. ಅದಕ್ಕೇ ಇಷ್ಟು ದಿನ ನಿನಗೆ ಪೂರ್ತಿ ಬರೆಯಲಿಲ್ಲ. ಈಗ ಬರೆಯುತ್ತೇನೆ.

ಫೆಬ್ರವರಿಯಲ್ಲಿ ಶಾಲೆ ಶುರುವಾದ ವಾರ, ಕ್ಲಾಸಿನಲ್ಲಿ ಒಬ್ಬೊಬ್ಬರೂ ಎದ್ದು ನಿಂತು ರಜೆಯ ಸುದ್ದಿ ಹೇಳಬೇಕಿತ್ತು. ಕೆರಿನ್ ಬೆಂದ ಏಡಿಗಳ ಕಥೆ ಹೇಳಿದಳು. ಮಕ್ಕಳು ನಕ್ಕರು. ಒಬ್ಬ ಹುಡುಗ, ನಿಮ್ಮ ಮಾವ ಸುಳ್ಳ ಎಂದನಂತೆ. ಇವಳು, "ನಮ್ಮ ಮಾವ ಆ ಸಮುದ್ರದ ಹತ್ತಿರಾನೇ ಹುಟ್ಟಿದ್ದು, ಅವರಿಗೆ ಗೊತ್ತು" ಎಂದು ವಾದ ಮಾಡಿದಳು. ಅವಳ ಟೀಚರ್ ಒಳ್ಳೆಯವರು. ಬೈಯಲಿಲ್ಲ. ಮಾರನೇ ದಿನ ಒಂದು ಸ್ಟೌ, ಒಂದು ಪಾತ್ರೆ, ಒಂದು ಥರ್ಮಾಮೀಟರ್ ತಂದು, ನೀರು ಕುದಿಯುವುದು ಎಷ್ಟಕ್ಕೆ ಎಂದು ತೋರಿಸಿದರು. ಪಾದರಸ ನಲವತ್ತನಾಲ್ಕನ್ನು ದಾಟಿ ಮೇಲೆ ಮೇಲೆ ಹೋಗುತ್ತಿದ್ದಾಗ ಕ್ಲಾಸಿನ ಮಕ್ಕಳೆಲ್ಲ ಪಾತ್ರೆ ಬಿಟ್ಟು ಇವಳನ್ನೇ ನೋಡುತ್ತಿದ್ದರಂತೆ.

ಮನೆಗೆ ಬಂದು ಚೀಲ ಇಟ್ಟಳು. ನಾನು ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. "ಅಮ್ಮ, ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿತ್ತು ಎಂದೆ.

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಈಗ ಹೊರಗೆ ಚಳಿ ಇದೆ ಎಂದು ನಾನು ಹೇಳಿದರೆ, ಬಾಗಿಲು ತೆಗೆದು ಕೈ ಹೊರಗೆ ಚಾಚಿ ನೋಡಿ, ಆಮೇಲೆ ಸ್ವೆಟರ್ ಹಾಕಿಕೊಳ್ಳುತ್ತಾಳೆ.

ಅಪ್ಪ ನಿನಗೆ ಮಾಡಿದ್ದನ್ನೂ ನಾನು ನೋಡಿದ್ದೇನೆ, ಅಣ್ಣ. ನೀನು ನಗುತ್ತಿದ್ದೆ. ಆಮೇಲೆ ಏಣಿ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂರುತ್ತಿದ್ದೆ. ಅದನ್ನೂ ನೋಡಿದ್ದೇನೆ.

ಅವಳು ಬರುವುದಿಲ್ಲ ಅಂದರೆ ಇಬ್ಬರನ್ನೂ ಡಗ್ಲಸ್‌ರ ಚಿಕ್ಕಮ್ಮನ ಮನೆಗೆ ಕಳಿಸುತ್ತೇನೆ. ಅಲ್ಲಿ ಸಮುದ್ರ ಇಲ್ಲ, ಪಿಯಾನೊ ಇದೆ. ಬಲವಂತ ಮಾಡುವುದಿಲ್ಲ. ನನಗೆ ಬರೆದು ಪ್ರಯೋಜನ ಇಲ್ಲ. ಅವಳಿಗೆ ಬರಿ.

ಲೊರೇನ್


ಗ್ರೀವ್ಸ್ ಸೈಡಿಂಗ್
29 ಅಕ್ಟೋಬರ್ 1978

ಕೆರಿನ್ ಮಹಾರಾಣಿಯವರಿಗೆ,

ಇಲ್ಲಿ ಈ ವರ್ಷ ನೊಣಗಳು ಎಷ್ಟು ದಪ್ಪವಾಗಿವೆ ಅಂದರೆ, ನೋಲೀನ್ ಅತ್ತೆ ಎರಡು ನೊಣಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಾಳೆ. ಗೋದಿ ಆಳೆತ್ತರ ಬೆಳೆದಿದೆ. ಮೊನ್ನೆ ನಮ್ಮ ಸೈಲೊ ಕಣಜದೊಳಗೆ ಒಂದು ಕಾಂಗರೂ ಬಿದ್ದು, ಗೋದಿಯಲ್ಲಿ ಈಜಿಕೊಂಡು ಆಚೆ ಬಂತು. ನನ್ನ ಸೊಂಟ ನೋಯುತ್ತಿದೆ. ಹಾರ್ಕರ್ ಕೊಲ್ಲಿಯ ಏಡಿಗಳು ನಿನ್ನ ಕ್ಷೇಮ ವಿಚಾರಿಸಿದವು ಎಂದು ಮುದುಕ ಆಲ್ಬಿ ಹೇಳಿದ. ಕಳೆದ ವರ್ಷ ನಾನೊಂದು ತಮಾಷೆ ಮಾಡಿದೆ. ಅದು ಸ್ವಲ್ಪ ಜಾಸ್ತಿ ಬೆಂದುಹೋಯಿತು. ನನಗೆ ಬೇಜಾರಾಗಿದೆ. ನೀನು ಬರದಿದ್ದರೆ ಈ ವರ್ಷ ಸಮುದ್ರದ ಬಾಗಿಲು ತೆರೆಯುವುದಿಲ್ಲವಂತೆ. ಟಿಮ್‌ಗೆ ಒಂದು ಪುಟ್ಟ ಹಲುಬೆ ಮಾಡಿಟ್ಟಿದ್ದೇನೆ. ಸಿಟ್ಟು ಬಂದ ಮಕ್ಕಳಿಗೆ ಐಸ್‌ಕ್ರೀಮು ಎರಡು ಪಾಲು ಕೊಡಬೇಕೆಂದು ಸರ್ಕಾರದ ಆಜ್ಞೆಯಾಗಿದೆ. ಬಾ.

ನಿನ್ನ ಮಾವ,
ಕ್ಲೆಮ್


ಅಡಿಲೇಡ್
11 ನವೆಂಬರ್ 1978

ಕ್ಲೆಮ್ ಮಾವನಿಗೆ,

ನಿಮ್ಮ ಕಾಗದವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಅದರಲ್ಲಿ ಹನ್ನೆರಡು ವಾಕ್ಯ ಇದೆ. ಪೆನ್ಸಿಲಿನಲ್ಲಿ ನಂಬರ್ ಹಾಕಿದ್ದೇನೆ. ಪ್ರತಿ ನಂಬರ್ ಹತ್ತಿರ ನಿಜ ಅಥವಾ ಸುಳ್ಳು ಅಂತ ಬರೆದು ಕಳಿಸಿ. ನೊಣ, ಕಾಂಗರೂ, ಸಮುದ್ರದ ಬಾಗಿಲು ಇವು ನನಗೇ ಗೊತ್ತಾಯಿತು. ಎಂಟನೆಯದು ಗೊತ್ತಾಗಲಿಲ್ಲ. ಅದು ನನಗೆ ಬೇಜಾರಾಗಿದೆ ಅನ್ನೋದು.

ಟಿಮ್‌ಗೆ ಕಾಂಗರೂ ಇಷ್ಟ ಆಯಿತು. ಅವನಿಗೆ ನಾಲ್ಕೇ ವರ್ಷ.

ಅಮ್ಮನ ಕಾಲು ಊದಿದೆ. ಇದು ನಿಜ.

ಇಂತಿ,
ಕೆರಿನ್ ಹೆಸ್ಲಪ್, ಮೂರನೇ ತರಗತಿ


ಗ್ರೀವ್ಸ್ ಸೈಡಿಂಗ್
26 ನವೆಂಬರ್ 1978

ಕೆರಿನ್‌ಗೆ,

ತಡವಾಯಿತು. ಇಲ್ಲಿ ಕೊಯ್ಲು. ಬೆಳಗಿನಿಂದ ಸಂಜೆವರೆಗೆ ಸೈಲೊ ಮುಂದೆ ಲಾರಿಗಳ ಸಾಲು. ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಒಂದು ಲಾರಿ ಖಾಲಿಯಾಗುವಷ್ಟರಲ್ಲಿ ಒಂದು ನಂಬರಿನಂತೆ ತುಂಬಿದೆ.

ಎರಡು ಸುಳ್ಳು, ಗೋದಿ ನನ್ನ ಸೊಂಟಕ್ಕೂ ಬರುವುದಿಲ್ಲ. ನಾಲ್ಕು ನಿಜ, ಆ ಸೊಂಟ ನೋಯುತ್ತಿದೆ. ಹತ್ತು ನಿಜ, ಹಲುಬೆ ಬಾಗಿಲ ಹಿಂದೆ ನಿಂತಿದೆ. ಐಸ್‌ಕ್ರೀಮಿನ ಆಜ್ಞೆ ಸುಳ್ಳು, ಆದರೆ ಆಜ್ಞೆ ಆಗಬೇಕಿತ್ತು.

ಆರನೆಯದು, ತಮಾಷೆ ಮಾಡಿದೆ ಅನ್ನುವುದು. ಮೊದಲು ನಿಜ ಎಂದು ಬರೆದೆ. ಮೂರು ಲಾರಿ ಹೋದ ಮೇಲೆ ಹೊಡೆದುಹಾಕಿದೆ. ತಮಾಷೆ ಅಂದರೆ ಇಬ್ಬರೂ ನಗಬೇಕು. ನಾನು ಮಾಡಿದ್ದು ತಮಾಷೆ ಅಲ್ಲ. ಸುಳ್ಳು ಹೇಳಿದ್ದು. ಏಳನೆಯದರಲ್ಲಿ ಸ್ವಲ್ಪ ಅನ್ನುವ ಮಾತು ಸುಳ್ಳು.

ಎಂಟು ನಿಜ.

ಹನ್ನೆರಡನೆಯದು, ಬಾ ಅನ್ನುವುದು. ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಕರೆಯುವುದು ಅಷ್ಟೇ. ಹಾಗಾಗಿ ಒಟ್ಟು ಹನ್ನೆರಡಕ್ಕೆ ಮೂರು ಅಂಕ. ನನಗೆ ಶಾಲೆಯಲ್ಲೂ ಇಷ್ಟೇ ಬರುತ್ತಿತ್ತು. ಇದು ನಿಜ, ಅಮ್ಮನನ್ನು ಕೇಳು.

ಇನ್ನೊಂದು. ನೀನು ಅವತ್ತು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಏಡಿ ಬೆಂದಿದೆ ಎಂದೆ, ಬೆಂದಿತ್ತು. ನೀರು ಬಿಸಿಯಿದೆ ಎಂದೆ, ಬಿಸಿಯಿತ್ತು. ನಡುವೆ ನಿಂತಿದ್ದ ನಾನೊಬ್ಬನೇ ಸುಳ್ಳು. ಇದನ್ನು ನಿನ್ನ ಕ್ಲಾಸಿನವರಿಗೆ ಓದಿ ಹೇಳಬೇಕಾದರೆ ಹೇಳು.

ಕ್ಲೆಮ್ ಮಾವ


ಅಡಿಲೇಡ್
17 ಡಿಸೆಂಬರ್ 1978

ಕ್ಲೆಮ್ ಅಣ್ಣನಿಗೆ,

ನಿನ್ನ ಕಾಗದವನ್ನು ಅವಳು ಯಾರಿಗೂ ತೋರಿಸಲಿಲ್ಲ. ಅಟ್ಲಾಸ್ ಪುಸ್ತಕದೊಳಗೆ ಇಟ್ಟಿದ್ದಾಳೆ. ನಾನು ತೆಗೆದು ಓದಿದೆ ಎಂದು ನಿನಗೆ ಹೇಳುತ್ತಿದ್ದೇನೆ, ಅವಳಿಗೂ ಹೇಳಿದೆ. ಈಗ ನಮ್ಮ ಮನೆಯ ನಿಯಮ ಇದು.

ಶನಿವಾರ ಈಜುಡುಗೆಯನ್ನು ಚೀಲಕ್ಕೆ ಹಾಕಿದಳು. ಇವತ್ತು ಬೆಳಿಗ್ಗೆ ತೆಗೆದು ಬೀರುವಿನಲ್ಲಿಟ್ಟಳು. ಡಗ್ಲಸ್ ಜನವರಿ ಆರಕ್ಕೆ ಕಾರಿನಲ್ಲಿ ಹೊರಡುತ್ತಾರೆ. ಕಾರಿನಲ್ಲಿ ಅವಳಿದ್ದರೆ ಹಾರ್ಕರ್ ಕೊಲ್ಲಿಗೆ, ಇಲ್ಲದಿದ್ದರೆ ಚಿಕ್ಕಮ್ಮನ ಮನೆಗೆ.

ಡಾಕ್ಟರು ನನಗೆ ಈಗಿನಿಂದಲೇ ಮಲಗಿರಲು ಹೇಳಿದ್ದಾರೆ. ನಾನು ಮಲಗಿಕೊಂಡು ಕಿಟಕಿಯಲ್ಲಿ ಬೀದಿ ನೋಡುತ್ತಿರುತ್ತೇನೆ. ಇಷ್ಟು ದಿನ ಸುಮ್ಮನೆ ಮಲಗಿದ್ದು ಹುಟ್ಟಿದಾಗಿನಿಂದ ಇಲ್ಲ. ಡಾಕ್ಟರು ಹೆದರಬೇಡಿ ಅನ್ನುತ್ತಾರೆ. ನನಗೂ ಈಗ ಕೆರಿನ್ ಹಾಗೆ, ಎರಡು ಸಲ ಕೇಳಬೇಕು ಅನ್ನಿಸುತ್ತದೆ.

ಅವಳು ಬಂದರೆ, ನೀನು ಬಾಯಿಗೆ ಬೀಗ ಹಾಕಿಕೊಂಡು ಸನ್ಯಾಸಿ ಆಗಬೇಡ. ಟಿಮ್ ದಿನವೂ ಆ ಕಾಂಗರೂ ಏನಾಯಿತು ಎಂದು ಕೇಳುತ್ತಾನೆ. ಕಥೆ ಹೇಳುವಾಗ ಕಥೆ ಎಂದು ಹೇಳು, ಸಾಕು.

ನೋಲೀನ್ ಅತ್ತಿಗೆಗೆ ಕ್ರಿಸ್‌ಮಸ್ ಶುಭಾಶಯ.

ಲೊರೇನ್


ಹಾರ್ಕರ್ ಕೊಲ್ಲಿ
10 ಜನವರಿ 1979

ತಂಗಿ ಲೊರೇನ್‌ಗೆ,

ಬಂದಳು ಎಂದು ಮೇಷ್ಟ್ರು ನಿನಗೆ ಹೇಳಿಯೇ ಇರುತ್ತಾರೆ. ಹೊರಡುವಾಗ ಅವರು ನನ್ನ ಕೈ ಕುಲುಕಿದ ರೀತಿ ನೋಡಿದರೆ, ಪರೀಕ್ಷೆಗೆ ಕೂರುವ ದಡ್ಡನಿಗೆ ಹೆಡ್‌ಮಾಸ್ಟರು ಪೆನ್ನು ಕೊಟ್ಟ ಹಾಗಿತ್ತು.

ಟಿಮ್ ಬಗ್ಗೆ ಚಿಂತೆ ಬೇಡ. ಹಗಲೆಲ್ಲ ಏಡಿಯ ಟಬ್ಬಿನಲ್ಲಿ ಕೂತಿರುತ್ತಾನೆ. ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎತ್ತಿನ ಹಾಗೆ ಎಳೆಯುತ್ತೇನೆ. ಮೊನ್ನೆ ಅವನ ಜೊತೆ ಎರಡು ಏಡಿ ಹಾಕಿದೆ, ಅವೂ ಅವನೂ ಒಟ್ಟಿಗೆ ಕಿರುಚಿದರು. ಮೈಯೆಲ್ಲ ಉಪ್ಪು, ಮೂಗು ಸುಲಿದಿದೆ, ಚೆನ್ನಾಗಿ ತಿನ್ನುತ್ತಾನೆ.

ಕೆರಿನ್ ಕೆಟ್ಟದಾಗಿ ನಡೆದುಕೊಳ್ಳುತ್ತಿಲ್ಲ. ಪಾತ್ರೆ ಒರೆಸುತ್ತಾಳೆ, ಟಿಮ್‌ಗೆ ಟೋಪಿ ಹಾಕುತ್ತಾಳೆ. ಆದರೆ ನಾನು ಬಾಯಿ ಬಿಟ್ಟರೆ ಸಾಕು, ಅವಳ ಕುತ್ತಿಗೆ ನೋಲೀನ್ ಕಡೆ ತಿರುಗುತ್ತದೆ. "ಹಾಲು ಹುಳಿಯಾಗಿದೆಯಂತೆ, ಹೌದಾ ಅತ್ತೆ?" "ಮಧ್ಯಾಹ್ನ ಗಾಳಿ ಬರುತ್ತಂತೆ, ಹೌದಾ ಅತ್ತೆ?" ನೋಲೀನ್ ಹೌದು ಅಂದ ಮೇಲೆ ಮಾತು ಒಳಗೆ ಹೋಗುತ್ತದೆ. ನಾನೀಗ ಈ ಮನೆಯಲ್ಲಿ ಸಹಿ ಬೀಳದ ಅರ್ಜಿ.

ಹಲುಬೆ ಮುಟ್ಟಿಲ್ಲ. ನೀರಿಗೆ ಇಳಿದಿಲ್ಲ. ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಅಟ್ಲಾಸ್ ನೋಡುತ್ತಾಳೆ. ನಮ್ಮ ಕಡೆ ನೋಡುತ್ತಿಲ್ಲ ಎಂದು ತೋರಿಸುವುದಕ್ಕೆ ಪುಟ ಬೇಗ ಬೇಗ ತಿರುಗಿಸುತ್ತಾಳೆ.

ಇನ್ನೊಂದು ಬರೆಯಬೇಕು. ಬರೆಯಲು ನಾಚಿಕೆ. ನಿನ್ನೆ ಟಿಮ್ ಹಟ ಮಾಡಿದ್ದಕ್ಕೆ ಅವಳು ದಡದವರೆಗೆ ಬಂದಳು. ಚಪ್ಪಲಿಯನ್ನೂ ಬಿಟ್ಟಿದ್ದಳು. ಆಗ ಆಲ್ಬಿ ತನ್ನ ಕುರ್ಚಿಯಿಂದಲೇ, "ಏನಮ್ಮಾ, ಈ ಸಲ ಬೆಂದ ಏಡಿ ಸಿಕ್ತಾ?" ಎಂದು ಕೂಗಿದ. ಅವನಲ್ಲಿ ಕೆಟ್ಟತನ ಇಲ್ಲ. ವರ್ಷವಿಡೀ ಅವನಿಗಿರುವುದು ಅದೊಂದೇ ತಮಾಷೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಲೊರೇನ್. ನಗಬೇಕು ಎಂದು ನಗಲಿಲ್ಲ. ಐವತ್ತು ವರ್ಷದ ಅಭ್ಯಾಸ, ನಾಲ್ಕು ಜನ ನಕ್ಕರೆ ನನ್ನ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಅವಳು ಆಲ್ಬಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಚಪ್ಪಲಿ ಹಾಕಿಕೊಂಡು ವಾಪಸ್ ಹೋದಳು.

ನೋಲೀನ್ ನನ್ನ ಜೊತೆ ರಾತ್ರಿಯವರೆಗೂ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಬೇರೆ ಮಕ್ಕಳಿಲ್ಲ, ನಾನೇ ಮಗು ಎಂದು ಅವಳು ಯಾವಾಗಲೂ ನಗೆಯಾಡುತ್ತಾಳೆ. ನಿನ್ನೆ ಆ ಮಾತೂ ಆಡಲಿಲ್ಲ.

ನಿನ್ನ ಆರೋಗ್ಯ ನೋಡಿಕೊ.

ಕ್ಲೆಮ್


ಅಡಿಲೇಡ್
15 ಜನವರಿ 1979

ಅಣ್ಣ,

ನಾಳೆ ಆಸ್ಪತ್ರೆಗೆ ಸೇರುತ್ತೇನೆ. ಅವಸರವೇನಿಲ್ಲ, ಅಲ್ಲೇ ಮಲಗಿರಲಿ ಎಂದು ಹೇಳಿದ್ದಾರೆ. ಮಕ್ಕಳಿಗೆ ಇಷ್ಟು ಮಾತ್ರ ಹೇಳು, ಜಾಸ್ತಿಯೂ ಬೇಡ, ಕಡಿಮೆಯೂ ಬೇಡ.

ನಗಬೇಡ ಎಂದು ನಾನು ನಿನಗೆ ಹೇಳುವುದಿಲ್ಲ. ನೀನು ಯಾರ ಕಡೆ ನಿಂತಿದ್ದೀಯ ಎಂದು ಅವಳಿಗೆ ಗೊತ್ತಾದರೆ ಸಾಕು.

ಲೊರೇನ್


ಹಾರ್ಕರ್ ಕೊಲ್ಲಿ
22 ಜನವರಿ 1979

ತಂಗಿ ಲೊರೇನ್‌ಗೆ,

ಇವತ್ತು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾನು ಒಂದೇ ಜಾಗದಲ್ಲಿ ಕೂತಿದ್ದೆ, ಹೆಚ್ಚುಕಡಿಮೆ ಮಾತಾಡದೆ. ನಿನ್ನ ಆಸ್ಪತ್ರೆಯವರಿಗೆ ಹೇಳು, ನಿನ್ನ ಪಕ್ಕದ ಮಂಚ ಖಾಲಿಯಿದ್ದರೆ ನನಗೂ ಇಟ್ಟಿರಲಿ.

ನಿನ್ನೆ ಸಂಜೆ ಟಿಮ್ ಮರಳಿನಲ್ಲಿ ಕೋಟೆ ಕಟ್ಟಿದ. ಊಟಕ್ಕೆ ಕೂತಾಗ, ಸಮುದ್ರ ಬಂದು ಅದನ್ನು ಒಯ್ದುಬಿಡುತ್ತದಾ ಎಂದು ಕೇಳಿದ. ನಾನು ಯೋಚನೆ ಮಾಡದೆ, "ಇಲ್ಲ ಕಣೋ, ನಾಳೆ ನೀರು ಕಳ್ಳಬೀಳುತ್ತೆ. ಬರೋದೂ ಇಲ್ಲ, ಹೋಗೋದೂ ಇಲ್ಲ, ಅಲ್ಲಾಡೋದೇ ಇಲ್ಲ" ಎಂದೆ.

ನಿನಗೆ ಗೊತ್ತಲ್ಲ, ನಮ್ಮ ಕೊಲ್ಲಿಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ಹೀಗೆ ಮಲಗಿಬಿಡುತ್ತದೆ. ಹೊಲದಲ್ಲಿ ಕಳ್ಳಬಿದ್ದ ಎತ್ತಿನ ಹಾಗೆ, ಯಾರು ಎಳೆದರೂ ಏಳುವುದಿಲ್ಲ. ಆದರೆ ಈ ಮಾತನ್ನು ಮೊದಲ ಸಲ ಕೇಳುವವರ ಕಿವಿಯಲ್ಲಿ ಕೇಳು. ಸಮುದ್ರ ನಾಳೆ ರಜೆ ಹಾಕುತ್ತದೆಯಂತೆ! ನಾನು ಇಷ್ಟು ವರ್ಷ ಹೇಳಿದ ಸುಳ್ಳುಗಳಲ್ಲಿ ಯಾವುದೂ ಈ ನಿಜದಷ್ಟು ಸುಳ್ಳಾಗಿ ಕೇಳುವುದಿಲ್ಲ.

ಕೆರಿನ್ ಚಮಚ ಕೆಳಗಿಟ್ಟಳು. ಕುತ್ತಿಗೆ ನೋಲೀನ್ ಕಡೆ ತಿರುಗಿತು. "ಹೌದಾ ಅತ್ತೆ?"

ನೋಲೀನ್ ಹೌದು ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ನಾನೇನು ಇವರಿಗೆ ಜಾಮೀನಾ? ಜೆಟ್ಟಿ ಅಲ್ಲೇ ಇದೆ, ಮೆಟ್ಟಿಲೂ ಇದೆ. ಹೋಗಿ ನೋಡ್ಕೊಂಡು ಬಾ" ಎಂದಳು.

ಬೆಳಿಗ್ಗೆ ಕೆರಿನ್ ಟೋಪಿ ಹಾಕಿಕೊಂಡು, ನೋಟ್‌ಬುಕ್ಕು, ಶೆಡ್ಡಿನ ಟೈಂಪೀಸು, ನೋಲೀನ್‌ಳ ಉಗುರುಬಣ್ಣದ ಸೀಸೆ ತೆಗೆದುಕೊಂಡು ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಗೆ ಹೊರಟಳು. ನಾನೂ ಬರಲಾ ಎಂದು ಕೇಳಿದೆ. "ಮೇಲೆ ಕೂತ್ಕೊಳ್ಳಿ. ಮಾತಾಡಬೇಡಿ" ಎಂದಳು. ಜೆಟ್ಟಿಯಿಂದ ನೀರಿಗಿಳಿಯುವ ಮೆಟ್ಟಿಲುಗಳಲ್ಲಿ ಕೆಳಗೆ ಹೋಗಿ, ನೀರು ಮುಟ್ಟಿದ ಕಡೆ ಪಕ್ಕದ ಕಂಬಕ್ಕೆ ಕೆಂಪು ಗೆರೆ ಎಳೆದು, ಟೈಂ ಬರೆದುಕೊಂಡಳು. ಆಮೇಲೆ ಗಂಟೆಗೊಂದು ಗೆರೆ.

ನನಗೆ ಬಂದ ಹೆದರಿಕೆ ಏನು ಗೊತ್ತಾ? ಇವತ್ತಲ್ಲದೆ ನಾಳೆ ಇರಬಹುದಾ ಎಂದು. ಚಂದ್ರನನ್ನು ಲೆಕ್ಕ ಹಾಕಿದೆ, ಬೆರಳು ಮಡಿಸಿದೆ, ಮತ್ತೆ ಬಿಚ್ಚಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ನಾನು ಸಮುದ್ರವನ್ನು ಬೇಡಿಕೊಂಡೆ, ತಾಯಿ, ಇವತ್ತೊಂದು ದಿನ ಎದ್ದೇಳಬೇಡ ಎಂದು.

ಹತ್ತು, ಹನ್ನೊಂದು, ಹನ್ನೆರಡು. ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪವಾದವು. ನೋಲೀನ್ ಸ್ಯಾಂಡ್‌ವಿಚ್ಚು ತಂದಳು. ಟಿಮ್ ಬಂದು ನನ್ನ ಹಣೆ ಮುಟ್ಟಿ ನೋಡಿ, "ಮಾವಂಗೆ ಜ್ವರ ಇಲ್ಲ" ಎಂದು ಅತ್ತೆಗೆ ವರದಿ ಒಪ್ಪಿಸಿದ.

ಎರಡು ಗಂಟೆ ದಾಟಿರಬೇಕು, ಆಲ್ಬಿ ಗಾಳದ ಕೋಲು ಹಿಡಿದು ಬಂದ. ಹಿಂದೆ ಆಚೆ ಶೆಡ್ಡಿನವರು ಇಬ್ಬರು. ಮೆಟ್ಟಿಲಲ್ಲಿ ಕೂತವಳನ್ನು ನೋಡಿ, "ಬೆಂದ ಏಡಿ ತಾನಾಗೇ ಮೇಲೆ ಬರ್ಲಿ ಅಂತ ಕಾಯ್ತಿದೀಯೇನಮ್ಮಾ?" ಎಂದ. ಹಿಂದಿನವರು ನಕ್ಕರು. ನನ್ನ ಬಾಯಿಯೂ ಹೊರಡುವುದರಲ್ಲಿತ್ತು. ಹಲ್ಲು ಕಚ್ಚಿ ಹಿಡಿದುಕೊಂಡೆ. ಎದ್ದು ನಿಂತೆ.

"ಆಲ್ಬಿ, ಅವಳು ಕಂಡಿದ್ದನ್ನ ಹೇಳಿದ್ಳು. ಸುಳ್ಳು ಹೇಳಿದವನು ನಾನು. ಆರು ಏಡಿ ಬೇಯಿಸಿ ಹೂತಿಟ್ಟು, ಮಗು ಮುಖ ನೋಡ್ಕೊಂಡು ಸುಳ್ಳು ಹೇಳ್ದೆ. ನಗೋದಿದ್ರೆ ನನ್ನ ನೋಡ್ಕೊಂಡು ನಗು."

ನಾನು ಜೋರಾಗಿ ಹೇಳಲಿಲ್ಲ, ಆದರೂ ಜೆಟ್ಟಿಯ ಮೇಲೆ ಗಾಳ ಹಾಕಿ ಕೂತಿದ್ದ ಇನ್ನಿಬ್ಬರೂ ತಿರುಗಿ ನೋಡಿದರು. ನನ್ನ ಬಾಯಿಂದ ನಗು ಬರದ ಮಾತು ಕೇಳಿ ಅವರಿಗೆ ಅಭ್ಯಾಸವಿಲ್ಲ. ಆಲ್ಬಿ ಬಕೆಟ್ಟು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಹೋಗುವವನು ನಿಂತು, ಮೆಟ್ಟಿಲ ಕಡೆ ಬಗ್ಗಿ, "ಮೂವತ್ತೊಂಬತ್ತರಲ್ಲಿ ಮೀನು ಹುರಿದುಹೋಗಿದ್ವು ಅಂದಿದ್ನಲ್ಲ ಮಗಳೇ, ಅದೂ ಇಲ್ಲ" ಎಂದು ಹೇಳಿ ಹೋದ.

ಕೆರಿನ್ ತಿರುಗಿ ನೋಡಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಟೈಂಪೀಸಿನಲ್ಲಿ ಎರಡು ಇಪ್ಪತ್ತು. ಗೆರೆ ಎಳೆಯುವ ಹೊತ್ತಲ್ಲ.

ಐದಕ್ಕೆ ಸೀಸೆ ಮುಚ್ಚಿ ಮೇಲೆ ಬಂದಳು. ನನ್ನ ಮುಂದೆ ನಿಂತು, "ಅಲ್ಲಾಡೋದೇ ಇಲ್ಲ ಅಂದಿದ್ರಿ. ಅರ್ಧ ಮೆಟ್ಟಿಲು ಏರಿದೆ" ಎಂದಳು.

"ಜಾಸ್ತಿ ಹೇಳ್ಬಿಟ್ಟೆ" ಎಂದೆ.

"ಬೇರೆ ದಿನ ಎಷ್ಟು ಏರುತ್ತೆ?"

"ಒಂಬತ್ತು ಮೆಟ್ಟಿಲು."

ಅವಳು ಮನಸ್ಸಿನಲ್ಲೇ ಭಾಗಿಸಿದಳು, ಮೇಷ್ಟ್ರ ಮಗಳಲ್ಲವಾ. "ಹಾಗಾದ್ರೆ ತುಂಬಾ ಮಟ್ಟಿಗೆ ನಿಜ" ಎಂದು ಅಂಕ ಕೊಟ್ಟಳು. ಆಮೇಲೆ, "ಯಾಕೆ ಹೀಗಾಗುತ್ತೆ?" ಎಂದು ಕೇಳಿದಳು. ನೋಲೀನ್‌ಳನ್ನಲ್ಲ. ನನ್ನನ್ನು.

ನನ್ನ ನಾಲಿಗೆ ತುದಿಯಲ್ಲಿ ನಾಲ್ಕು ಉತ್ತರ ಕುಣಿಯುತ್ತಿದ್ದವು. ಒಂದರಲ್ಲಿ ತಿಮಿಂಗಿಲ ಇತ್ತು. "ಗೊತ್ತಿಲ್ಲ. ಚಂದ್ರ ಒಂದು ಕಡೆ, ಸೂರ್ಯ ಒಂದು ಕಡೆ ಎಳೆದು ಸಮ ಆಗುತ್ತೆ ಅಂತಾರೆ. ಸರಿಯಾಗಿ ನಿಮ್ಮಪ್ಪನ್ನ ಕೇಳ್ಬೇಕು" ಎಂದೆ.

"ನಿಮಗೆ ಗೊತ್ತಿಲ್ವಾ?" ಸಮುದ್ರ ನಿಂತದ್ದಕ್ಕಿಂತ ಅವಳಿಗೆ ಇದೇ ದೊಡ್ಡ ಆಶ್ಚರ್ಯವಾದಂತಿತ್ತು.

ವಾಪಸ್ ಬರುವಾಗ ಅವಳು ರಸ್ತೆ ಹಿಡಿಯಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಲ್ಲೇ ನಡೆದಳು. ನಾನು ದಡದಲ್ಲಿ ನಡೆದೆ. ಪಾದ, ಆಮೇಲೆ ಮೀನಖಂಡ, ಆಮೇಲೆ ಲಂಗದ ಅಂಚು ಒದ್ದೆ. ನನ್ನ ಜೊತೆ ಮಾತಾಡಲಿಲ್ಲ. ಒಂದು ಏಡಿ ಕಾಲ ಹತ್ತಿರ ಓಡಿದಾಗ ಮಾತ್ರ ಬೆರಳು ತೋರಿಸಿದಳು. ನೀಲಿ ಏಡಿ, ಜೀವಂತ. ನಾನು ನೋಡಿದೆ ಎಂದು ತಲೆಯಾಡಿಸಿದೆ. ಇಷ್ಟೇ ಆದದ್ದು. ಇದಕ್ಕಿಂತ ಜಾಸ್ತಿ ಬರೆದರೆ ನಂಬರ್ ಹಾಕಿ ವಾಪಸ್ ಕಳಿಸುತ್ತಾಳೆ.

ನಿನ್ನ ವಿಷಯ ಹೇಳಿದ್ದೇನೆ, ನೀನು ಬರೆದಷ್ಟೇ. ಅವಳು ಕೇಳಿಕೊಂಡು, ಅಮ್ಮ ಹೆದರಿದಾಳಾ ಎಂದಳು. ಸ್ವಲ್ಪ ಎಂದೆ. ಸರಿ ಎಂದಳು.

ಹೊರಗೆ ಇನ್ನೂ ಬಿಸಿಲಿದೆ. ಟಿಮ್‌ನ ಕೋಟೆ ನಿಂತಿದೆ. ಕೆರಿನ್ ಈಗ ಬಾಗಿಲಿಗೆ ಬಂದು ನಿಂತಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. "ಮಾವ, ಅತ್ತೆ ಊಟಕ್ಕೆ ಕರೀತಿದಾರೆ. ಮೀನೆಲ್ಲಾ ಟಿಮ್ ತಿಂದ್ಬಿಟ್ಟ. ನಿಮಗೆ ಬರೀ ಬೇಯಿಸಿದ ಎಲೆಕೋಸು."

"ಅಷ್ಟೂ ಮೀನೂನಾ?" ಎಂದು ಕೇಳಿದೆ.

"ಮುಳ್ಳೂ ಬಿಡಲಿಲ್ಲ" ಎಂದಳು. ನಿಂತೇ ಇದ್ದಾಳೆ, ನಾನು ಏಳಲಿ ಎಂದು.

ಬಾಣಲೆಯಲ್ಲಿ ಮೀನು ಚುರ್ ಅನ್ನುವ ಸದ್ದು ಇಲ್ಲಿಗೆ ಚೆನ್ನಾಗಿ ಕೇಳಿಸುತ್ತಿದೆ, ಲೊರೇನ್. ನಾನು ಎಲೆಕೋಸು ತಿನ್ನಲು ಹೊರಟೆ.

ಕ್ಲೆಮ್